ಚಿತ್ರ ಮುಟ್ಟದೆ ಬಣ್ಣ ಬದಲಿಸಿದ ಪಟ್ಟಿ

ಫೋನಿನಲ್ಲಿ ಫೋಟೋ ತಿದ್ದುವಾಗ ಒಂದು ಗೆರೆ, ಅದರ ಮೇಲೊಂದು ಗುಂಡಿ ಕಾಣಿಸುತ್ತದೆ. ಬೆರಳಿನಿಂದ ಗುಂಡಿಯನ್ನು ಆಚೀಚೆ ಸರಿಸಿದರೆ ಗಿಡದ ಹಸಿರು ಕಡುವಾಗುತ್ತದೆ, ಇಲ್ಲವೇ ಮಾಸುತ್ತದೆ. ಕಂಪ್ಯೂಟರ್ ಚಿತ್ರದ ಬಣ್ಣವನ್ನು ಹೀಗೆ ಕಣ್ಣೆದುರೇ ತಿದ್ದುವ ಕೆಲಸಕ್ಕೆ ಐವತ್ತು ವರ್ಷ ದಾಟಿದೆ. ಅದನ್ನು ಮಾಡಿ ತೋರಿಸಿದವರಿಗೆ ಅವರ ಕಂಪನಿ ಕೊಟ್ಟ ಉತ್ತರ ಮಾತ್ರ, ‘ಬಣ್ಣ ನಮಗೆ ಬೇಡ’ ಎಂದು.

ಆ ಕಂಪನಿಯ ಹೆಸರು ನಮಗೆಲ್ಲ ಗೊತ್ತು. ‘ಆಧಾರ್ ಕಾರ್ಡಿಂದು ಒಂದು ಜೆರಾಕ್ಸ್ ಮಾಡಿಸ್ಕೊಂಡು ಬಾ’ ಅಂತೀವಲ್ಲ, ಅದೇ ಜೆರಾಕ್ಸ್. ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನಲ್ಲಿ ಅದು 1970ರಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿದ್ದ ರಿಚರ್ಡ್ ಶೂಪ್ ಎಂಬ ಎಂಜಿನಿಯರ್ ‘ಸೂಪರ್‌ಪೇಂಟ್’ ಎಂಬ ಚಿತ್ರ ಬರೆಯುವ ಯಂತ್ರ ಕಟ್ಟಿದರು. 1973ರ ಏಪ್ರಿಲ್‌ನಲ್ಲಿ ಅದರೊಳಗೆ ಮೊದಲ ಚಿತ್ರ ಮೂಡಿತು. ಚಿತ್ರದಲ್ಲಿ ಇದ್ದವರು ಶೂಪ್ ಅವರೇ. ‘ಕೆಲಸ ಮಾಡ್ತಿದೆ, ಒಂದು ಮಟ್ಟಿಗೆ’ ಎಂಬ ಅರ್ಥದ ಚೀಟಿ ಹಿಡಿದಿದ್ದರು.

ಪರದೆಯ ಮೇಲಿನ ಚಿತ್ರ ಎಂದರೆ ಚುಕ್ಕಿಗಳ ಗುಂಪು. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿ ಎಂದರೂ ಮೂರು ಲಕ್ಷ ದಾಟುತ್ತದೆ. ಆಗ ಮೆಮೊರಿ ಬಲು ದುಬಾರಿ. ಪ್ರತಿ ಚುಕ್ಕಿಯಲ್ಲೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಬರೆದಿಡಲು ಮೂರು ಪಟ್ಟು ಜಾಗ ಬೇಕಿತ್ತು. ಅದಕ್ಕೆ ಶೂಪ್ ಚುಕ್ಕಿಯಲ್ಲಿ ಬಣ್ಣ ಇಡಲಿಲ್ಲ. 0ಯಿಂದ 255ರವರೆಗಿನ ಒಂದು ನಂಬರ್ ಮಾತ್ರ ಇಟ್ಟರು. ಯಾವ ನಂಬರಿಗೆ ಯಾವ ಬಣ್ಣ ಎಂಬುದನ್ನು ಬೇರೆಯೇ ಒಂದು ಪಟ್ಟಿಯಲ್ಲಿ ಬರೆದರು.

ನಮ್ಮ ಊರ ನಕ್ಷೆ ನೆನಪು ಮಾಡಿಕೊಳ್ಳಿ. ನಕ್ಷೆಯಲ್ಲಿ ಇರುವುದು ಸರ್ವೆ ನಂಬರ್. ಹೊಲ ಯಾರದು ಎಂಬುದು ಪಹಣಿಯಲ್ಲಿ ಇರುತ್ತದೆ. ಇಡೀ ಹೊಲ ಇನ್ನೊಬ್ಬರ ಹೆಸರಿಗೆ ಹೋದರೆ ಪಹಣಿ ಬದಲಾಗುತ್ತದೆ, ನಕ್ಷೆಯ ಗೆರೆ ಹಾಗೇ ಉಳಿಯುತ್ತದೆ. ಸೂಪರ್‌ಪೇಂಟ್‌ನಲ್ಲೂ ಹಾಗೆಯೇ. ಪಟ್ಟಿಯಲ್ಲಿ 17ನೇ ಸಾಲು ತಿದ್ದಿದರೆ, 17 ಎಂದಿರುವ ಸಾವಿರಾರು ಚುಕ್ಕಿಗಳು ಒಂದೇ ಕ್ಷಣದಲ್ಲಿ ಬಣ್ಣ ಬದಲಿಸುತ್ತವೆ. ಚಿತ್ರವನ್ನು ಯಾರೂ ಮುಟ್ಟಬೇಕಿಲ್ಲ. ಮೆಮೊರಿ ಉಳಿಸಲು ಹೂಡಿದ ಉಪಾಯ ಚಿತ್ರಗಾರರಿಗೆ ವರವಾಯಿತು.

ಇನ್ನೊಂದು ತೊಡಕಿತ್ತು. ಪರದೆಗೆ ಗೊತ್ತಿರುವುದು ಕೆಂಪು, ಹಸಿರು, ನೀಲಿಯ ಲೆಕ್ಕ. ಮನುಷ್ಯ ಹಾಗೆ ಯೋಚಿಸುವುದಿಲ್ಲ. ‘ಈ ಹಳದಿ ಸ್ವಲ್ಪ ತೆಳುವಾಗಲಿ, ಆ ಹಸಿರು ಕೊಂಚ ಕಪ್ಪಾಗಲಿ’ ಎನ್ನುತ್ತಾನೆ. 1974ರಲ್ಲಿ ಅಲ್ಲಿಗೆ ಬಂದ ಆಲ್ವಿ ರೇ ಸ್ಮಿತ್ ಇದಕ್ಕೊಂದು ಗಣಿತ ಹುಡುಕಿದರು. ಬಣ್ಣ ಯಾವುದು, ಅದು ಎಷ್ಟು ಗಾಢ, ಎಷ್ಟು ಬೆಳಕು ಎಂಬ ಮೂರೇ ಪ್ರಶ್ನೆಗೆ ಮೂರು ಗುಂಡಿ. ಉಳಿದ ಲೆಕ್ಕ ಯಂತ್ರದ್ದು. ಇದೇ ಮುಂದೆ ‘ಎಚ್‌ಎಸ್‌ವಿ’ ಎಂದು ಹೆಸರಾಯಿತು. 1978ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಆದರೆ ಆಫೀಸು ಕೆಲಸಕ್ಕೆ ಕಪ್ಪು-ಬಿಳುಪು ಸಾಕು ಎಂದು ಜೆರಾಕ್ಸ್ ತೀರ್ಮಾನಿಸಿತ್ತು. 1975ರ ಆರಂಭದಲ್ಲಿ ಸ್ಮಿತ್ ಕೆಲಸ ಕಳೆದುಕೊಂಡರು. ಶೂಪ್ ಇನ್ನೂ ಕೆಲ ವರ್ಷ ಅಲ್ಲೇ ಉಳಿದರು. 1978ರ ಡಿಸೆಂಬರ್‌ನಲ್ಲಿ ನಾಸಾದ ನೌಕೆ ಶುಕ್ರ ಗ್ರಹ ತಲುಪಿದಾಗ ಟಿವಿಯಲ್ಲಿ ಅದನ್ನು ವಿವರಿಸುವ ಚಿತ್ರಗಳನ್ನು ಸೂಪರ್‌ಪೇಂಟ್‌ನಲ್ಲೇ ಮಾಡಿದರು. ಮರುವರ್ಷ ಶೂಪ್ ಕೂಡ ಹೊರಬಂದು ಸ್ವಂತ ಕಂಪನಿ ತೆರೆದರು. 1983ರಲ್ಲಿ ಸೂಪರ್‌ಪೇಂಟ್‌ಗೆ ಎಮ್ಮಿ ಪ್ರಶಸ್ತಿ ಬಂದಾಗ ಅದು ಶೂಪ್ ಜೊತೆಗೆ ಜೆರಾಕ್ಸಿಗೂ ಸಿಕ್ಕಿತು! ಸ್ಮಿತ್ ಮುಂದೆ ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಪಟ್ಟಿಯ ಉಪಾಯವನ್ನು ಚೆನ್ನಾಗಿ ದುಡಿಸಿಕೊಂಡವರು ವಿಡಿಯೋ ಗೇಮ್ ಮಾಡುವವರು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಡಿದ್ದೀರಾ? ಮೇಲಿನ ಮೋಡ, ಕೆಳಗಿನ ಪೊದೆ, ಎರಡೂ ಒಂದೇ ಆಕಾರ. ಒಂದಕ್ಕೆ ಬಿಳಿ ಪಟ್ಟಿ, ಇನ್ನೊಂದಕ್ಕೆ ಹಸಿರು ಪಟ್ಟಿ, ಅಷ್ಟೇ. ಅದೇ ವರ್ಷ ಡ್ಯಾನ್ ಸಿಲ್ವಾ ಅಮಿಗಾ ಕಂಪ್ಯೂಟರಿಗೆ ‘ಡಿಲಕ್ಸ್ ಪೇಂಟ್’ ಬರೆದರು. 4096 ಬಣ್ಣಗಳಿಂದ ಬೇಕಾದ 32 ಆರಿಸಿಕೊಂಡು ಚುಕ್ಕಿ ಚುಕ್ಕಿಯಾಗಿ ಚಿತ್ರ ಕಟ್ಟಬಹುದಿತ್ತು. ಪಟ್ಟಿಯ ಕೆಲವು ಬಣ್ಣಗಳನ್ನು ಸುತ್ತ ತಿರುಗಿಸುತ್ತಾ ಹೋದರೆ ಜಲಪಾತ ಧುಮುಕಿದಂತೆ ಕಾಣುತ್ತಿತ್ತು. ನೀರಿನ ಒಂದು ಚುಕ್ಕಿಯೂ ಜಾಗ ಬಿಟ್ಟು ಕದಲಿರುತ್ತಿರಲಿಲ್ಲ.

ಈಗ ಮೆಮೊರಿಗೆ ಬರವಿಲ್ಲ. ಆದರೂ ಪಿಕ್ಸೆಲ್ ಆರ್ಟ್ ಮಾಡುವವರು ಪಟ್ಟಿಯನ್ನು ಕೈಬಿಟ್ಟಿಲ್ಲ. ಅವರು ಹೆಚ್ಚಾಗಿ ಬಳಸುವ ಏಸ್‌ಪ್ರೈಟ್ ಸಾಫ್ಟ್‌ವೇರಿನಲ್ಲಿ ಇವತ್ತಿಗೂ 256 ಬಣ್ಣದ ಪಟ್ಟಿಯ ವಿಧಾನವಿದೆ, ಸ್ಮಿತ್ ಅವರ ಮೂರು ಗುಂಡಿಗಳೂ ಇವೆ. ಹಗಲಿನ ಊರು ಬರೆದು, ಪಟ್ಟಿಯ ನಾಲ್ಕು ಸಾಲು ತಿದ್ದಿ, ಅದೇ ಊರಿಗೆ ಸಂಜೆ ತರಬಹುದು. ಆಫೀಸಿಗೆ ಬೇಡ ಎಂದು ತಳ್ಳಿದ ಆ ಕೆಲಸ ಈಗ ನಿಮ್ಮ ಫೋನಿನೊಳಗೂ ಇದೆ. ಮುಂದಿನ ಸಲ ಫೋಟೋದ ಹಸಿರನ್ನು ಕಡು ಮಾಡುವಾಗ ಇವರಿಬ್ಬರ ಹೆಸರು ನೆನಪಿರಲಿ.