ಕೌದಿ: ಹಳೆಯ ಬಟ್ಟೆಯಲ್ಲಿ ಹೊಲಿದ ದಾನದ ಪಾಠ

2019ರ ಆಗಸ್ಟ್ ತಿಂಗಳ ಪ್ರವಾಹವನ್ನು ನಮ್ಮ ಬೆಳ್ತಂಗಡಿ ಮತ್ತು ಬಂಟ್ವಾಳ ತಾಲೂಕುಗಳ ಜನರು ಮರೆತಿರಲಾರರು. ಚಾರ್ಮಾಡಿ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಗುಡ್ಡ ಕುಸಿಯಿತು. ಹೊಳೆಗಳು ಉಕ್ಕಿ ತೋಟಗಳನ್ನು ಮರಳಿನಿಂದ ಮುಚ್ಚಿದವು. ಬಂಟ್ವಾಳದಲ್ಲಿ ನೇತ್ರಾವತಿಯು ತಗ್ಗಿನ ಮನೆಗಳೊಳಗೆ ನುಗ್ಗಿತು. ಆ ದಿನಗಳಲ್ಲಿ ಜಾತಿ ಮತಗಳ ಗಡಿ ಮೀರಿ ಅಕ್ಕಿ, ಚಾಪೆ, ಬಟ್ಟೆಬರೆಗಳು ಹರಿದು ಬಂದವು. ಮೂಡುಬಿದಿರೆಯ ಕಡೆಯಿಂದ ಬಂದ ಗಂಟುಗಳನ್ನು ಬಿಚ್ಚಿ ವಿಂಗಡಿಸುವ ಕೆಲಸಕ್ಕೆ ನಾವೂ ಕೆಲವು ಮದರಸ ವಿದ್ಯಾರ್ಥಿಗಳೊಂದಿಗೆ ಕುಳಿತಿದ್ದೆವು. ಹೆಚ್ಚಿನ ಗಂಟುಗಳಲ್ಲಿ ಒಳ್ಳೆಯ ಬಟ್ಟೆಗಳಿದ್ದವು. ಆದರೆ ಕೆಲವು ಗಂಟುಗಳನ್ನು ಬಿಚ್ಚಿದಾಗ ಮಕ್ಕಳ ಮುಂದೆ ನಮಗೆ ನಾಚಿಕೆಯಾಯಿತು. ಗುಂಡಿಯಿಲ್ಲದ ಅಂಗಿಗಳು, ಕಲೆ ಬಿದ್ದ ಲುಂಗಿಗಳು, ಒಗೆಯದೆ ಮಡಚಿಟ್ಟ ಸೀರೆಗಳು. ಒಬ್ಬ ವಿದ್ಯಾರ್ಥಿ ಕೇಳಿದ: ಉಸ್ತಾದ್, ಇದಕ್ಕೂ ಸದಕಾದ ಪುಣ್ಯ ಇದೆಯೇ?

ಆ ಪ್ರಶ್ನೆಗೆ ನಾವು ಉತ್ತರ ಹುಡುಕುವ ಮೊದಲೇ ನೆರೆಮನೆಯ ವೃದ್ಧ ತಾಯಿಯೊಬ್ಬರು ಆ ಹರಿದ ಬಟ್ಟೆಗಳ ರಾಶಿಯನ್ನು ತಮ್ಮ ಮನೆಯಂಗಳಕ್ಕೆ ಹೊತ್ತೊಯ್ದರು. ಬಿಸಿಲು ಬಂದ ದಿನ ಒಗೆದು ಒಣಗಿಸಿದರು. ಗಟ್ಟಿಯಿದ್ದ ಭಾಗಗಳನ್ನು ಕತ್ತರಿಸಿ, ಪದರ ಪದರವಾಗಿ ಹಾಸಿ, ನೆರೆಯ ಮೂವರು ಹೆಂಗಸರನ್ನು ಕರೆದು ಹೊಲಿಯತೊಡಗಿದರು. ಕೆಲವು ವಾರಗಳಲ್ಲಿ ಆ ರಾಶಿಯಿಂದ ಹಾಸಿ ಹೊದೆಯಬಹುದಾದ ದಪ್ಪ ಹೊದಿಕೆಗಳು ಸಿದ್ಧವಾದವು. ಕೊಡಲು ಲಾಯಕ್ಕಿಲ್ಲವೆಂದು ನಾವು ಬದಿಗಿಟ್ಟ ವಸ್ತುವು ಅವರ ಕೈಯಲ್ಲಿ ಕೊಡಲು ಯೋಗ್ಯವಾಯಿತು. ಇಂತಹ ಹೊಲಿಗೆಗೆ ನಮ್ಮ ನಾಡಿನಲ್ಲಿ ಒಂದು ಇತಿಹಾಸವಿದೆ. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಉತ್ತರ ಕರ್ನಾಟಕದಲ್ಲಿ ಇದನ್ನು ಕೌದಿ ಎನ್ನುತ್ತಾರೆ. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಮಕ್ಕಳ ಅಂಗಿ ಎಲ್ಲವೂ ಅದರಲ್ಲಿ ಸೇರುತ್ತವೆ. ಊರೂರು ಅಲೆದು ಮನೆಮನೆಯ ಹಳೆಯ ಬಟ್ಟೆಗಳಿಂದ ಕೌದಿ ಹೊಲಿದುಕೊಡುವ ಗೊಂದಳಿ ಸಮುದಾಯದ ಹೆಂಗಸರಿಗೆ ಅದು ಜೀವನೋಪಾಯವೂ ಹೌದು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊದಿಕೆಯ ಅಗತ್ಯ ಕಡಿಮೆ. ಆದರೂ ಆಟಿ ತಿಂಗಳ ಮಳೆಯಲ್ಲಿ ಉಮ್ಮನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಹೊದಿಕೆಯೊಳಗೆ ಮುದುಡಿ ಮಲಗಿದ ನೆನಪು ನಮ್ಮ ತಲೆಮಾರಿನ ಅನೇಕರಿಗೆ ಇರಬಹುದು.

ಆದರೆ ಈ ಕಲೆಗೆ ಜಗತ್ತಿನಲ್ಲಿ ಹೆಸರು ತಂದವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಈ ಸಮುದಾಯ ನೆಲೆಸಿದೆ. ಇವರ ಪೂರ್ವಜರು ಆಫ್ರಿಕದವರು. 16ನೇ ಶತಮಾನದಿಂದ ಪೋರ್ಚುಗೀಸರು ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅದಕ್ಕೂ ಮೊದಲಿನಿಂದಲೇ ಅರಬ್ ವರ್ತಕರೂ ಈ ವ್ಯಾಪಾರದಲ್ಲಿ ಪಾಲುದಾರರಾಗಿದ್ದರು ಎಂಬ ಕಹಿ ಸತ್ಯವನ್ನು ನಾವು ಮುಚ್ಚಿಡಬೇಕಾಗಿಲ್ಲ. ಗುಲಾಮರನ್ನು ಬಿಡುಗಡೆಗೊಳಿಸುವುದನ್ನು ಮಹಾ ಪುಣ್ಯಕಾರ್ಯವೆಂದು ಕಲಿಸಿದ ಧರ್ಮದ ಅನುಯಾಯಿಗಳಲ್ಲೇ ಕೆಲವರು ಲಾಭದಾಸೆಗೆ ಮನುಷ್ಯರನ್ನು ಮಾರಿದರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡ ಎಷ್ಟೋ ಮಂದಿ ಪಶ್ಚಿಮ ಘಟ್ಟದ ದಟ್ಟ ಕಾಡುಗಳಲ್ಲಿ ಆಶ್ರಯ ಪಡೆದರು. ಇಂದಿನ ಸಿದ್ದಿಗಳಲ್ಲಿ ಮುಸ್ಲಿಮರು, ಕ್ರೈಸ್ತರು ಮತ್ತು ಹಿಂದೂಗಳು ಮೂವರೂ ಇದ್ದಾರೆ.

ಸಿದ್ದಿಗಳಿಗೆ ಹಬಶಿಗಳೆಂಬ ಹೆಸರೂ ಇತ್ತು. ಹಬಶ ಎಂಬ ಪದ ಕೇಳಿದೊಡನೆ ನಮಗೆ ಹ. ಬಿಲಾಲ್(ರ) ನೆನಪಾಗುತ್ತಾರೆ, ಮಕ್ಕಾದ ಪೀಡಿತ ವಿಶ್ವಾಸಿಗಳಿಗೆ ಆಶ್ರಯ ಕೊಟ್ಟ ದೊರೆ ನಜಾಶಿ ನೆನಪಾಗುತ್ತಾನೆ. ದಖ್ಖನಿನ ಇತಿಹಾಸದಲ್ಲಿ ಗುಲಾಮನಾಗಿ ಮಾರಾಟವಾಗಿ ಬಂದು ಅಹ್ಮದ್‌ನಗರದ ಆಡಳಿತವನ್ನೇ ನಡೆಸಿದ, 1626ರಲ್ಲಿ ನಿಧನನಾದ ಮಲಿಕ್ ಅಂಬರ್ ಕೂಡ ಹಬಶಿಯೇ. ಆದರೆ ಇಂತಹ ಹೆಸರುಗಳು ವಿರಳ. ಕಾಡು ಸೇರಿದ ಸಾಮಾನ್ಯ ಸಿದ್ದಿಗಳ ಪಾಲಿಗೆ ಉಳಿದದ್ದು ಇತರರ ಹೊಲಗದ್ದೆಗಳ ಕೂಲಿ ಮತ್ತು ಬಡತನ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅರಮನೆಗಳ ಚರಿತ್ರೆ ಬರೆದವರು ಈ ಗುಡಿಸಲುಗಳ ಹೆಂಗಸರ ಬಗ್ಗೆ ಏನನ್ನೂ ಬರೆಯಲಿಲ್ಲ. ಅವರ ಕೌದಿಗಳನ್ನೇ ನಾವು ಓದಬೇಕಾಗಿದೆ.

ಸಿದ್ದಿ ಕೌದಿಗೆ ಮೊದಲೇ ಗೆರೆ ಹಾಕಿದ ನಕ್ಷೆಯಿಲ್ಲ. ತಳಕ್ಕೆ ಒಂದು ಹಳೆಯ ಹತ್ತಿಯ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತೇಪೆಗಳನ್ನಿಟ್ಟು ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಎಂಬುದನ್ನು ಹೊಲಿಯುವವಳ ಕಣ್ಣೇ ನಿರ್ಧರಿಸುತ್ತದೆ. ಸಾಲು ಸಾಲಾದ ಓಟದ ಹೊಲಿಗೆಯು ಪದರಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಹೊಲಿಗೆ ಒತ್ತಾದಷ್ಟು ಬಾಳಿಕೆ ಹೆಚ್ಚು. ಅಲಂಕಾರಕ್ಕೆ ಇಡುವ ಪುಟ್ಟ ಚೌಕದ ತೇಪೆಗಳಿಗೆ ಟಿಕೆಲಿ ಎಂದು ಹೆಸರು. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುತ್ತಾರೆ. ಅದನ್ನು ಫೂಲ, ಅಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ. ಮುಸ್ಲಿಮ್ ಸಿದ್ದಿಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರವೂ, ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆಯೂ ಕಾಣಸಿಗುತ್ತವೆ. ಆದರೆ ಹೊಲಿಗೆಯ ಕ್ರಮ ಮೂರೂ ಧರ್ಮದವರದ್ದೂ ಒಂದೇ.

ಈ ಕೌದಿಗಳನ್ನು ಹೊಲಿದದ್ದು ಮಾರುಕಟ್ಟೆಗಾಗಿ ಅಲ್ಲ. ಅಜ್ಜಿಯಂದಿರು ಮೊಮ್ಮಕ್ಕಳಿಗಾಗಿ, ತಾಯಂದಿರು ಮಕ್ಕಳಿಗಾಗಿ ಹೊಲಿದರು. ಘಟ್ಟದ ಚಳಿಗೆ ಕಂಬಳಿ ಕೊಳ್ಳಲು ಹಣವಿಲ್ಲದ ಮನೆಯಲ್ಲಿ ಮಗುವಿಗೆ ಸಿಕ್ಕ ಮೊದಲ ಉಡುಗೊರೆ ಅದು. ಬಟ್ಟೆಯು ಹಳೆಯದಾದರೂ ಅದರ ಮೇಲೆ ವ್ಯಯವಾದ ದಿನಗಳು ಹೊಸವು. ಕೇವಲ ಬೆಚ್ಚಗಿದ್ದರೆ ಸಾಕಿತ್ತಲ್ಲ, ಹೂವು ಯಾಕೆ ಎಂದು ಕೇಳಬಹುದು. ಪ್ರೀತಿಯಿಂದ ಕೊಡುವವನು ಅಗತ್ಯವನ್ನಷ್ಟೇ ಪೂರೈಸಿ ಕೈತೊಳೆದುಕೊಳ್ಳುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರು ಈ ಕಲೆಯನ್ನು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಕೂಟ ರೂಪುಗೊಂಡಿತು. ತಮ್ಮ ಮನೆಯ ಮೂಲೆಯಲ್ಲಿದ್ದ ವಸ್ತುವಿಗೆ ಬೆಲೆಯಿದೆ ಎಂದು ಆ ಹೆಂಗಸರಿಗೆ ತಿಳಿದದ್ದು ಹೀಗೆ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಆಫ್ರಿಕ ಮೂಲದ ಜನರ ಇತಿಹಾಸಕ್ಕೆ ಮೀಸಲಾದ ಆ ಸಂಸ್ಥೆಯ ಗೋಡೆಗಳ ಮೇಲೆ ಕರ್ನಾಟಕದ ಕಾಡಂಚಿನ ಹೊದಿಕೆಗಳು ತೂಗಿದವು.

ಇದೇ ರೀತಿ ಹೊಲಿಗೆಯಿಂದ ಬದುಕು ಕಟ್ಟಿಕೊಂಡ ಇನ್ನೊಂದು ಸಮುದಾಯ ಅಮೆರಿಕದಲ್ಲೇ ಇದೆ. ಅಲಬಾಮ ರಾಜ್ಯದ ವಿಲ್ಕಾಕ್ಸ್ ಕೌಂಟಿಯ ಕರಿಯ ಮಹಿಳೆಯರು, ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು, 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿದರು. ಅದು ಮತದಾನದ ಹಕ್ಕಿಗಾಗಿ ಹೋರಾಟ ನಡೆಯುತ್ತಿದ್ದ ಕಾಲ. ಮತದಾರರ ಪಟ್ಟಿಗೆ ಹೆಸರು ಸೇರಿಸಿದ ತಪ್ಪಿಗೆ ಎಷ್ಟೋ ಕುಟುಂಬಗಳನ್ನು ಜಮೀನ್ದಾರರು ಮನೆಯಿಂದ ಹೊರಹಾಕಿದ್ದರು. ಈ ಮಹಿಳೆಯರು ಹೊದಿಕೆಗಳನ್ನು ಮಾರಿ ಬಂದ ಆದಾಯದಿಂದ ಜಮೀನು ಕೊಂಡರು. ಅದರಲ್ಲಿ ಹೊಲಿಗೆ ಕೇಂದ್ರ ಕಟ್ಟಿದರು, ಜೊತೆಗೆ ಮನೆ ಕಳಕೊಂಡ ಕೆಲವು ಕುಟುಂಬಗಳಿಗೆ ಅಲ್ಲೇ ನಿವೇಶನ ದೊರೆಯುವಂತೆ ಮಾಡಿದರು. ಒಟ್ಟಿಗೆ ಕುಳಿತು ಹೊಲಿದ ಗೆಳತಿಯರು ಒಬ್ಬರಿಗೊಬ್ಬರು ಸೂರಾದರು.

ಇನ್ನು ನಮ್ಮ ಪರಂಪರೆಯತ್ತ ನೋಡೋಣ. ಪ್ರವಾದಿ ಮುಹಮ್ಮದ್(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹ. ಆಇಶಾ(ರ) ವರದಿ ಮಾಡಿದ್ದಾರೆ. ಖಲೀಫ ಉಮರ್(ರ) ತೇಪೆ ಹಾಕಿದ ಅಂಗಿ ಧರಿಸಿಯೇ ಆಳ್ವಿಕೆ ನಡೆಸಿದರು. ಆದರೆ ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕಾದವರು ಸತ್ಯವಿಶ್ವಾಸಿಗಳ ಮಾತೆ ಹ. ಝೈನಬ್ ಬಿಂತಿ ಜಹಶ್(ರ). ತಮ್ಮ ಪತ್ನಿಯರ ಪೈಕಿ ಯಾರ ಕೈ ಉದ್ದವಾಗಿದೆಯೋ ಅವರೇ ಮೊದಲು ತಮ್ಮನ್ನು ಬಂದು ಸೇರುವರೆಂದು ಪ್ರವಾದಿ(ಸ) ಒಮ್ಮೆ ಹೇಳಿದ್ದರು. ಅವರು ತಮ್ಮ ತಮ್ಮ ಕೈಗಳನ್ನು ಅಳೆದು ನೋಡಿಕೊಂಡರು. ಹಿಜರಿ 20ರಲ್ಲಿ ಎಲ್ಲರಿಗಿಂತ ಮೊದಲು ಹ. ಝೈನಬ್(ರ) ನಿಧನರಾದಾಗಲೇ ಆ ಮಾತಿನ ಅರ್ಥ ಹೊಳೆದದ್ದು. ಅವರು ಸ್ವತಃ ಚರ್ಮ ಹದಮಾಡಿ, ಹೊಲಿದು, ಬಂದ ಸಂಪಾದನೆಯನ್ನು ಬಡವರಿಗೆ ಹಂಚುತ್ತಿದ್ದರು. ಉದ್ದದ ಕೈ ಎಂದರೆ ದುಡಿದು ದಾನ ಮಾಡುವ ಕೈ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿ ಇಂತಹ ಕೈಗಳಿಗೆ ಕೊರತೆಯಿರಲಿಲ್ಲ. ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಒಟ್ಟಿಗೆ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಸಂಖ್ಯೆ ಸಣ್ಣದಲ್ಲ. ಆ ಜಗಲಿಯಲ್ಲಿ ಒಬ್ಬಳ ಮಗುವಿನ ಜ್ವರ ಎಲ್ಲರಿಗೂ ತಿಳಿಯುತ್ತಿತ್ತು, ಒಬ್ಬಳ ಮಗಳ ಮದುವೆಯ ಚಿಂತೆ ಎಲ್ಲರದ್ದಾಗುತ್ತಿತ್ತು. ಇಂದು ಮನೆಗಳಿಗೆ ಎತ್ತರದ ಆವರಣ ಗೋಡೆಗಳು ಬಂದಿವೆ, ಕಪಾಟುಗಳು ತುಂಬಿವೆ. ಕಪಾಟು ಖಾಲಿ ಮಾಡುವುದನ್ನೇ ನಾವು ದಾನವೆಂದು ಭಾವಿಸತೊಡಗಿದ್ದೇವೆ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಮರಳೋಣ. ಮದೀನಾದಲ್ಲಿ ಕೆಲವರು ಬಡವರಿಗೆಂದು ಮಸೀದಿಯಲ್ಲಿ ಕೆಟ್ಟ ಖರ್ಜೂರದ ಗೊನೆಗಳನ್ನು ತೂಗುಹಾಕಿದ ಹಿನ್ನೆಲೆಯಲ್ಲಿ ಅಲ್ ಬಕರ ಅಧ್ಯಾಯದ 267ನೇ ಸೂಕ್ತ ಅವತೀರ್ಣವಾಯಿತೆಂದು ವರದಿಯಿದೆ. ನಮಗೆ ಯಾರಾದರೂ ಕೊಟ್ಟರೆ ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸಲಾರದಂತಹ ವಸ್ತುವನ್ನು ದಾನಕ್ಕೆ ಆರಿಸಬಾರದೆಂಬುದು ಅದರ ಬೋಧನೆ. ಹಳೆಯ ಬಟ್ಟೆ ಕೊಡುವುದು ತಪ್ಪಲ್ಲ. ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಹಾಕಿ ಕೊಟ್ಟರೆ ಅದು ಸದಕಾ. ಕಸದ ಬುಟ್ಟಿಗೆ ಹಾಕಬೇಕಾದದ್ದನ್ನು ಸಂತ್ರಸ್ತನ ಮನೆಬಾಗಿಲಿಗೆ ಹಾಕಿದರೆ ಅದು ಅವನ ಮಾನಕ್ಕೆ ಮಾಡಿದ ಗಾಯ.

ನಮ್ಮ ಮದರಸದ ಹುಡುಗಿಯರಿಗೂ ಹುಡುಗರಿಗೂ ಸೂಜಿ ಹಿಡಿಯಲು ಕಲಿಸೋಣ. ವರ್ಷಕ್ಕೊಮ್ಮೆ, ರಮಝಾನ್‌ಗೆ ಮೊದಲು, ನೆರೆಯ ನಾಲ್ಕು ಮನೆಯವರು, ಧರ್ಮ ಯಾವುದೇ ಇರಲಿ, ಒಂದು ಜಗಲಿಯಲ್ಲಿ ಸೇರಿ ಹಳೆಯ ಬಟ್ಟೆಗಳಿಂದ ಒಂದು ಹೊದಿಕೆಯನ್ನಾದರೂ ಹೊಲಿಯೋಣ. ಅದರ ನಾಲ್ಕು ಮೂಲೆಗಳಿಗೆ ಸಿದ್ದಿ ಸಹೋದರಿಯರಂತೆ ಹೂವು ಇಡುವುದನ್ನು ಮರೆಯದಿರೋಣ. ದುಡಿದು ಕೊಡುವ ಉದ್ದದ ಕೈಗಳನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.