ಮೆಣಸು ಮತ್ತು ಮೆಣಸಿನಕಾಯಿ

ಧಾರವಾಡ ಜಿಲ್ಲೆಯ ಕುಂದಗೋಳ, ನವಲಗುಂದ, ಅಣ್ಣಿಗೇರಿ ಪ್ರಾಂತಗಳ ಎರೆಭೂಮಿಯಲ್ಲಿ ಮೆಣಸಿನಕಾಯಿಯು ಎಷ್ಟು ಬೇರೂರಿದೆಯೆಂದರೆ, ಇದು ಪರದೇಶದಿಂದ ಬಂದ ಬೆಳೆಯೆಂದು ಹೇಳಿದರೆ ನಂಬುವವರು ವಿರಳ. ಈ ಅಪನಂಬಿಕೆಗೆ ಭಾಷೆಯೂ ಒಂದು ಕಾರಣವಾಗಿದೆ. ‘ಮೆಣಸು’ ಎಂಬ ಶಬ್ದವು ಕನ್ನಡದಲ್ಲಿ ಪ್ರಾಚೀನವಾದುದರಿಂದ, ಮೆಣಸಿನಕಾಯಿಯೂ ಅಷ್ಟೇ ಪ್ರಾಚೀನವೆಂದು ಓದುವವರು ಭ್ರಮಿಸುವರು. ಶಬ್ದದ ವಯಸ್ಸು ಬೇರೆ, ಪದಾರ್ಥದ ವಯಸ್ಸು ಬೇರೆ. ಈ ಭೇದವನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ರಿ. ಶ. ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವುಂಟು. ೧೨ನೆಯ ಶತಮಾನದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಪ್ರಕರಣವುಂಟು. ೧೬ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಪಾಕವಿಷಯಕ್ಕೇ ಮೀಸಲಾದ ಗ್ರಂಥ. ಈ ಗ್ರಂಥಗಳ ಕಾಲದ ಮೆಣಸು ಅಥವಾ ಮರೀಚವು ಪಶ್ಚಿಮಘಟ್ಟದ ಬಳ್ಳಿಯಲ್ಲಿ ಬಿಡುವ ಕಾಳು. ಆಯುರ್ವೇದದ ತ್ರಿಕಟುವಿನಲ್ಲಿ ಶುಂಠಿ, ಹಿಪ್ಪಲಿಗಳೊಡನೆ ಸೇರುವುದೂ ಅದೇ. ಚರಕ ಸುಶ್ರುತರ ಸಂಹಿತೆಗಳಲ್ಲಿ ಮೆಣಸಿನಕಾಯಿಯ ಸುಳಿವಿಲ್ಲ. ಪಂಪನ ತಾಯಿಯ ಕಡೆಯ ಹಿರಿಯರು ಅಣ್ಣಿಗೇರಿಯವರು. ಆದರೆ ಅವನು ೯೪೧ರಲ್ಲಿ ‘ವಿಕ್ರಮಾರ್ಜುನವಿಜಯ’ವನ್ನು ಬರೆದಾಗ ಆ ಊರಿನ ಯಾವ ಒಲೆಯ ಮೇಲೂ ಕೆಂಪು ಮೆಣಸಿನಕಾಯಿ ಬಿದ್ದಿರಲಾರದು.

ಏಕೆಂದರೆ ಈ ಫಲದ ಜನ್ಮಭೂಮಿ ಅಮೇರಿಕಾ ಖಂಡದ ಉಷ್ಣಪ್ರದೇಶ. ಸಸ್ಯಶಾಸ್ತ್ರದ ಪರಿಭಾಷೆಯಲ್ಲಿ ದ್ರಾಕ್ಷಿ, ಬದನೆಗಳಂತೆ ಇದೂ ಬೆರ್ರಿ ವರ್ಗದ ಫಲ. ಮೆಕ್ಸಿಕೋ ದೇಶದ ಪ್ರಾಚೀನ ಜನರು ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಕಾಡಿನಿಂದ ತಂದು ಪಳಗಿಸಿದರು. ೧೪೯೨ರಲ್ಲಿ ಸಮುದ್ರವನ್ನು ದಾಟಿದ ಕೊಲಂಬಸನು ಭಾರತದ ಮೆಣಸನ್ನರಸಿ ಹೊರಟವನು. ಅವನಿಗೆ ದೊರೆತುದು ಈ ಬೇರೊಂದು ಖಾರ. ಸ್ಪೇನಿನವರು ಅದಕ್ಕೂ ಮೆಣಸಿನ ಹೆಸರನ್ನೇ ಕೊಟ್ಟರು.

ಅಲ್ಲಿಂದ ಮುಂದೆ ಹೆಸರುಗಳ ಗೊಂದಲವು ಬೆಳೆಯುತ್ತ ಹೋಯಿತು. ಜರ್ಮನ್ ಪಂಡಿತ ಲಿಯೊನ್‌ಹಾರ್ಟ್ ಫುಕ್ಸನು ೧೫೪೨ರ ತನ್ನ ಸಸ್ಯಗ್ರಂಥದಲ್ಲಿ ಇದನ್ನು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದನು. ಅಮೇರಿಕಾದ ಗಿಡಕ್ಕೆ ಭಾರತದ ರೇವಿನ ಹೆಸರು ಹೀಗೆ ಅಂಟಿತು. ೧೭೭೬ರಲ್ಲಿ ಜಾಕ್ವಿನ್ ಎಂಬ ವಿದ್ವಾಂಸನು ಇದೇ ಕುಲದ ಮತ್ತೊಂದು ಜಾತಿಗೆ ಚೀನಾದೇಶದ ಹೆಸರನ್ನಿಟ್ಟನು. ಆ ಹೆಸರು ಇಂದಿಗೂ ಶಾಸ್ತ್ರದಲ್ಲಿ ಉಳಿದಿದೆ. ಶಾಸ್ತ್ರಜ್ಞರೇ ಇಂತು ಮೋಸಹೋಗಲು ಈ ಸಸ್ಯವು ಹರಡಿದ ವೇಗವೇ ಕಾರಣ. ೧೫೯೧ರ ಚೀನೀ ಗ್ರಂಥವೊಂದರಲ್ಲಿಯೇ ಇದರ ಉಲ್ಲೇಖ ದೊರೆಯುತ್ತದೆ. ತಲುಪಿದ ಕಡೆಯಲ್ಲೆಲ್ಲ ಇದು ಅಲ್ಲಿಯದೇ ಎಂಬಂತೆ ನೆಲಸಿತು.

ಪೋರ್ಚುಗೀಸರು ೧೪೯೮ರಲ್ಲಿ ಕಲ್ಲಿಕೋಟೆಗೆ ಬಂದರು. ೧೫೧೦ರಲ್ಲಿ ಗೋವೆಯನ್ನು ಗೆದ್ದರು. ಅವರ ಹಡಗುಗಳು ನಮ್ಮ ಕರಾವಳಿಯಿಂದ ಮೆಣಸನ್ನು ಹೊತ್ತೊಯ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಮೆಣಸಿನಕಾಯಿಯೂ ಆ ಜನರ ಹಡಗುಗಳಲ್ಲಿಯೇ ಈ ದೇಶಕ್ಕೆ ಬಂದಿತು. ಕರಾವಳಿಯಿಂದ ಘಟ್ಟವನ್ನೇರಿ ಯಲ್ಲಾಪುರ, ಕಲಘಟಗಿಗಳ ಮೇಲೆ ಹಾಯ್ದು ಬಯಲುಸೀಮೆಗೆ ಬರುವ ದಾರಿಗಳಿಂದ ಅದು ಒಳನಾಡನ್ನು ಹೊಕ್ಕಿತೆಂದು ಊಹಿಸುವುದು ಯುಕ್ತ.

ಹೊಸ ಪದಾರ್ಥವನ್ನು ಕಂಡ ನಮ್ಮ ಜನರು ಅದರ ಪರದೇಶದ ಹೆಸರನ್ನು ತೆಗೆದುಕೊಳ್ಳಲಿಲ್ಲ. ‘ಮೆಣಸಿನಂಥ ಕಾಯಿ’ ಎಂಬರ್ಥದಲ್ಲಿ ಕನ್ನಡಿಗರು ಮೆಣಸಿನಕಾಯಿ ಎಂದರು. ತಮಿಳರು ಮಿಳಗು ಎಂಬುದರಿಂದ ಮಿಳಗಾಯ್, ಮರಾಠರು ಮಿರೀ ಎಂಬುದರಿಂದ ಮಿರಚೀ, ಕೊಂಕಣಿಗರು ಮಿರ್ಸಾಂಗ ಎಂದರು. ಪಂಡಿತರೂ ಹಿಂದೆ ಬೀಳದೆ ರಕ್ತಮರಿಚ, ಕಟುವೀರಾ ಮುಂತಾದ ಸಂಸ್ಕೃತ ನಾಮಗಳನ್ನು ರಚಿಸಿದರು. ಈ ಸಾದೃಶ್ಯವು ಕೇವಲ ನಾಲಗೆಗೆ ಸಂಬಂಧಿಸಿದ್ದು. ಮೆಣಸು ಬಳ್ಳಿಯ ಕುಲದ್ದು, ಮೆಣಸಿನಕಾಯಿ ಬದನೆಯ ಕುಲದ್ದು. ಆದರೂ ನಾಲಗೆಯ ಸಾಕ್ಷ್ಯವು ಸುಳ್ಳಲ್ಲ. ದೇಹದಲ್ಲಿ ಬಿಸಿಯನ್ನು ಗ್ರಹಿಸುವ ಒಂದೇ ಗ್ರಾಹಕವನ್ನು ಈ ಎರಡರ ಖಾರಗಳೂ ಕೆರಳಿಸುತ್ತವೆಂದು ಈಗ ಸಿದ್ಧವಾಗಿದೆ; ಆ ಗ್ರಾಹಕವನ್ನು ಮೆಣಸಿನಕಾಯಿಯ ಸತ್ತ್ವದಿಂದಲೇ ಕಂಡುಹಿಡಿದ ಡೇವಿಡ್ ಜೂಲಿಯಸ್ ಎಂಬವರಿಗೆ ೨೦೨೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಕಾಲಕ್ರಮದಲ್ಲಿ ಅತಿಥಿಯು ಯಜಮಾನನಾದನು. ಹಿಂದೆ ವಿಶೇಷಣವಿಲ್ಲದೆ ‘ಮೆಣಸು’ ಎಂದರೆ ಸಾಕಾಗಿದ್ದ ಕಾಳಿಗೆ ಈಗ ಕರಿಮೆಣಸು, ಒಳ್ಳೆಮೆಣಸು, ಮೆಣಸಿನಕಾಳು ಎಂದು ಗುರುತು ಹಚ್ಚಬೇಕಾಗಿದೆ. ಧಾರವಾಡದ ಕಡೆಯಲ್ಲಂತೂ ‘ಖಾರ’ ಎಂಬ ರಸವಾಚಕವೇ ಮೆಣಸಿನಕಾಯಿಯ ಪುಡಿಗೆ ಹೆಸರಾಗಿದೆ. ಈ ಖಾರ ಶಬ್ದದ ಮೂಲವಾದ ಸಂಸ್ಕೃತದ ‘ಕ್ಷಾರ’ವು ಕಟುರಸವನ್ನು ಹೇಳುವುದಲ್ಲವೆಂಬುದು ಗಮನಾರ್ಹ.

ಇಂತು ಬಂದ ಬೀಜವನ್ನು ಈ ನಾಡಿನ ಒಕ್ಕಲಿಗರು ತಮ್ಮದನ್ನಾಗಿ ಮಾಡಿಕೊಂಡರು. ಮಳೆಯನ್ನೇ ನಂಬಿ, ಉಳ್ಳಾಗಡ್ಡಿ ಹತ್ತಿಗಳೊಡನೆ ಒಂದೇ ಹೊಲದಲ್ಲಿ ಬೆಳೆದು, ಕಾಯಿಗಳನ್ನು ಆರಿಸಿ ಬೀಜ ಕಟ್ಟುತ್ತ, ಖಾರವು ಕಡಮೆಯಾಗಿ ಬಣ್ಣವು ಗಾಢವಾಗಿರುವ ತಳಿಯನ್ನು ಅವರು ಉಳಿಸಿ ಬೆಳೆಸಿದರು. ಕಡ್ಡಿ, ಡಬ್ಬಿಗಳೆಂಬ ಭೇದಗಳುಳ್ಳ ಈ ಕಾಯಿಯು, ೧೯೯೭ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಬ್ಯಾಡಗಿಯ ಪೇಟೆಯ ಹೆಸರಿನಿಂದ ಪ್ರಸಿದ್ಧವಾಗಿ, ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಇದರಿಂದ ತೆಗೆದ ಬಣ್ಣವು ತಿನಿಸುಗಳಿಗೂ ತುಟಿಯ ರಂಗಿಗೂ ಬಳಕೆಯಾಗುತ್ತದೆ. ಅತ್ತ ಹಂಗೇರಿಯವರು ಇದೇ ಜಾತಿಯ ತಮ್ಮ ಪಾಪ್ರಿಕವನ್ನು ಸ್ವದೇಶದ ಕುರುಹೆಂದೇ ಎಣಿಸುವರು. ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿಯು ಅದರಿಂದಲೇ ಸಿ ಜೀವಸತ್ತ್ವವನ್ನು ವಿಪುಲವಾಗಿ ಬೇರ್ಪಡಿಸಿ ೧೯೩೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಇದರಿಂದ ಗ್ರಂಥಸಂಪಾದಕರೂ ಉಪಾಧ್ಯಾಯರೂ ಗ್ರಹಿಸತಕ್ಕ ಅಂಶವೊಂದುಂಟು. ೧೬ನೆಯ ಶತಮಾನಕ್ಕಿಂತ ಹಿಂದಿನ ಕೃತಿಯಲ್ಲಿ ‘ಮೆಣಸು’ ಬಂದಲ್ಲಿ ಕರಿಮೆಣಸೆಂದೇ ಅರ್ಥ ಬರೆಯಬೇಕು. ಅಂಥ ಕೃತಿಯಲ್ಲಿ ‘ಮೆಣಸಿನಕಾಯಿ’ ಎಂಬ ರೂಪವೇ ಕಂಡರೆ, ಅದು ಬಳ್ಳಿಯ ಹಸಿಗಾಯಿಯೋ ಪ್ರಕ್ಷೇಪವೋ ಎಂದು ಹಸ್ತಪ್ರತಿಗಳನ್ನು ಪರೀಕ್ಷಿಸಬೇಕು. ೧೫೬೪ರಲ್ಲಿ ತೀರಿಕೊಂಡ ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಕೀರ್ತನೆಯೊಂದು ಪ್ರಚಾರದಲ್ಲಿದೆ. ಕಾಲದೃಷ್ಟಿಯಿಂದ ಅದು ಅಸಂಭವವಲ್ಲ. ಆದರೆ ಬಾಯಿಂದ ಬಾಯಿಗೆ ಬಂದ ಹಾಡನ್ನು ಬೆಳೆಯ ಕಾಲನಿರ್ಣಯಕ್ಕೆ ಆಧಾರವಾಗಿ ನಿಲ್ಲಿಸುವುದು ಸಾಧುವಲ್ಲ. ನಮ್ಮ ಮೆಣಸಿನಕಾಯಿಗೆ ಸಾವಿರ ವರ್ಷಗಳ ಪ್ರಾಚೀನತೆಯನ್ನು ಆರೋಪಿಸುವ ಅವಶ್ಯಕತೆಯಿಲ್ಲ. ಪರದೇಶದ ಬೀಜವನ್ನು ಕೆಲವೇ ಶತಮಾನಗಳಲ್ಲಿ ಎರೆನೆಲದ ಹೆಸರಾಂತ ಬೆಳೆಯನ್ನಾಗಿಸಿದ ಒಕ್ಕಲಿಗರ ಕೀರ್ತಿಯೇ ಅದಕ್ಕೆ ಸಾಕು.