ಬಾನಿ ಮತ್ತು ಕ್ಲೈಡ್: ಇತಿವೃತ್ತವೂ ಚಲಚ್ಚಿತ್ರವೂ

ರಸಕ್ಕೆ ಅನುಗುಣವಲ್ಲದ ಇತಿವೃತ್ತಾಂಶವನ್ನು ಕವಿಯು ಬಿಟ್ಟುಬಿಡಬಹುದು, ಬೇಕಾದುದನ್ನು ಕಲ್ಪಿಸಿಕೊಳ್ಳಲೂಬಹುದು ಎಂದು ಆನಂದವರ್ಧನನು ಧ್ವನ್ಯಾಲೋಕದ ತೃತೀಯೋದ್ಯೋತದಲ್ಲಿ ಅನುಮತಿಯಿತ್ತಿದ್ದಾನೆ. ಈ ಸ್ವಾತಂತ್ರ್ಯವು ಇತಿಹಾಸಕಾರನಿಗೆ ಸಲ್ಲದು. ಕವಿಯು ಬಿಟ್ಟುದನ್ನು ಅರಸಿ ತಂದು ಸ್ವಸ್ಥಾನದಲ್ಲಿರಿಸುವುದೇ ಇವನ ಕರ್ತವ್ಯ. ದಸ್ಯುಗಳಾದ ಪ್ರಣಯಿಗಳು ಊರಿಂದೂರಿಗೆ ಓಡುತ್ತ ಕಡೆಗೆ ಹತರಾಗುವ ಕಥೆಗಳಲ್ಲಿ, ಆರ್ಥರ್ ಪೆನ್ ಎಂಬ ಅಮೆರಿಕನ್ ನಿರ್ದೇಶಕನ 'ಬಾನಿ ಅಂಡ್ ಕ್ಲೈಡ್' (1967) ಎಂಬ ಚಲಚ್ಚಿತ್ರವು ಪ್ರಸಿದ್ಧತಮವಾದುದು. ಅದನ್ನು ಇತಿವೃತ್ತದೊಡನೆ ಹೋಲಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

ಕ್ಲೈಡ್ ಬ್ಯಾರೊ 1909ರಲ್ಲಿಯೂ ಬಾನಿ ಪಾರ್ಕರ್ 1910ರಲ್ಲಿಯೂ ಟೆಕ್ಸಾಸ್ ಸಂಸ್ಥಾನದ ಬಡ ಕುಟುಂಬಗಳಲ್ಲಿ ಹುಟ್ಟಿದರು. 1930ರ ಜನವರಿಯಲ್ಲಿ ಡಲ್ಲಾಸ್ ನಗರದ ಪಶ್ಚಿಮಭಾಗದಲ್ಲಿ ಅವರಿಗೆ ಪರಿಚಯವಾಯಿತು. ಬಾನಿಗೆ ಆಗಲೇ ವಿವಾಹವಾಗಿದ್ದಿತು. ಆ ವಿವಾಹವು ಅವಳ ಮರಣದವರೆಗೂ ರದ್ದಾಗಲಿಲ್ಲ. ಕ್ಲೈಡನು ಈಸ್ಟ್‌ಹ್ಯಾಮ್ ಎಂಬ ಕಠೋರವಾದ ಸೆರೆಮನೆಯ ಹೊಲಗಳಲ್ಲಿ ದುಡಿದು, ಆ ದುಡಿಮೆಯಿಂದ ಪಾರಾಗಲೆಂದು ತನ್ನ ಕಾಲಿನ ಎರಡು ಬೆರಳುಗಳನ್ನು ಕತ್ತರಿಸಿಕೊಂಡು, 1932ರ ಫೆಬ್ರವರಿಯಲ್ಲಿ ಬಿಡುಗಡೆಹೊಂದಿದನು. ಅಲ್ಲಿಂದ ಮುಂದೆ ಎರಡು ವರ್ಷ ಅವರ ವಾಸವು ಬಹುಮಟ್ಟಿಗೆ ಮೋಟಾರಿನಲ್ಲಿಯೇ.

ಈ ಅಲೆದಾಟಕ್ಕೆ ಸಾಹಸಪ್ರಿಯತೆಯೊಂದೇ ಕಾರಣವಲ್ಲ. ಅಲ್ಲಿನ ಪ್ರತಿಯೊಂದು ಸಂಸ್ಥಾನದ ಪೊಲೀಸರ ಅಧಿಕಾರವೂ ಸಾಮಾನ್ಯವಾಗಿ ಅದರ ಗಡಿಯಲ್ಲಿ ಮುಗಿಯುತ್ತಿದ್ದಿತು. 1932ರಲ್ಲಿ ಮಾರಾಟಕ್ಕೆ ಬಂದ ಎಂಟು ಸಿಲಿಂಡರಿನ ಫೋರ್ಡ್ ಮೋಟಾರನ್ನು ಕದ್ದು ಗಡಿ ದಾಟಿದವನನ್ನು ಹಿಡಿಯುವುದು ದುಸ್ತರವಾಗಿದ್ದಿತು. ಆದರೆ ಕದ್ದ ಮೋಟಾರಿನೊಡನೆ ಸಂಸ್ಥಾನದ ಗಡಿ ದಾಟುವುದು 1919ರ ಶಾಸನದಂತೆ ಕೇಂದ್ರಸರಕಾರದ ವಿಚಾರಣೆಗೊಳಪಡುವ ಅಪರಾಧ. ಆ ಆಧಾರದ ಮೇಲೆಯೇ 1933ರ ಮೇ ತಿಂಗಳಿನಲ್ಲಿ ಇವರಿಬ್ಬರ ಮೇಲೆ ಕೇಂದ್ರದ ವಾರಂಟು ಹೊರಟಿತು. ಅವರನ್ನು ಕಾಪಾಡಿದ ಗಡಿಯೇ ಅವರಿಗೆ ಬಂಧನಕಾರಣವೂ ಆಯಿತು.

ಇವರ ಕೀರ್ತಿಯ ಮೂಲವು ಬೇರೆ. 1933ರ ಏಪ್ರಿಲ್ 13ರಂದು ಮಿಸೌರಿಯ ಜಾಪ್ಲಿನ್ ಪಟ್ಟಣದಲ್ಲಿ ಇಬ್ಬರು ಅಧಿಕಾರಿಗಳನ್ನು ಕೊಂದು ತಂಡವು ಓಡಿಹೋದಾಗ, ಬಾನಿಯ ಪದ್ಯವೊಂದೂ ಇನ್ನೂ ತೊಳೆಯದಿದ್ದ ಫಿಲ್ಮ್ ಸುರುಳಿಗಳೂ ಮನೆಯಲ್ಲಿ ಉಳಿದವು. ಬಾಯಲ್ಲಿ ಚುಟ್ಟಾ, ಕೈಯಲ್ಲಿ ಪಿಸ್ತೂಲು ಹಿಡಿದ ಬಾನಿಯ ಛಾಯಾಚಿತ್ರವು ಪತ್ರಿಕೆಗಳಲ್ಲಿ ದೇಶಾದ್ಯಂತ ಹಬ್ಬಿತು. ಚುಟ್ಟಾ ತನ್ನದೆಂದೂ ಬಾನಿಯು ಚಿತ್ರಕ್ಕಾಗಿ ಮಾತ್ರ ಅದನ್ನು ಹಿಡಿದಳೆಂದೂ ತಂಡದಲ್ಲಿದ್ದ ಡಬ್ಲ್ಯು. ಡಿ. ಜೋನ್ಸನು ಅನಂತರ ಹೇಳಿದ್ದಾನೆ. ಹೀಗೆ ಚಲಚ್ಚಿತ್ರಕ್ಕಿಂತ ಮೂವತ್ತನಾಲ್ಕು ವರ್ಷ ಮೊದಲೇ ಇವರು ತಮ್ಮ ವೇಷವನ್ನು ತಾವೇ ಕಟ್ಟಿಕೊಂಡಿದ್ದರು.

ಚಲಚ್ಚಿತ್ರವು ಈ ವೇಷವನ್ನು ಉಳಿಸಿಕೊಂಡು ದೇಹವನ್ನು ಬಿಟ್ಟಿತು. 1933ರ ಜೂನ್‌ನಲ್ಲಿ ಮೋಟಾರು ಉರುಳಿ ಬಾನಿಯ ಕಾಲು ತೀವ್ರವಾಗಿ ಸುಟ್ಟಿತು. ಆಮೇಲೆ ಅವಳು ಸರಿಯಾಗಿ ನಡೆಯಲಾರದೆ ಹೋದಳು. ತೆರೆಯ ಬಾನಿಗೆ ಈ ಕುಂಟಿಲ್ಲ. 1934ರ ಜನವರಿಯಲ್ಲಿ ಈಸ್ಟ್‌ಹ್ಯಾಮ್ ಸೆರೆಯಾಳುಗಳನ್ನು ಬಿಡಿಸಿಕೊಂಡು ಹೋದ ಪ್ರಸಂಗವೂ ಅಲ್ಲಿಲ್ಲ. ಫ್ರ್ಯಾಂಕ್ ಹೇಮರ್ ಎಂಬ ಅಧಿಕಾರಿಯನ್ನು ತಂಡವು ಸೆರೆಹಿಡಿದು ಅವಮಾನಿಸುವ ದೃಶ್ಯವಂತೂ ಕೇವಲ ಕಲ್ಪಿತ. ಅವನ ಪತ್ನಿಯೂ ಮಗನೂ ಇದಕ್ಕಾಗಿ ನ್ಯಾಯಾಲಯಕ್ಕೆ ಹೋದರು, 1971ರಲ್ಲಿ ರಾಜಿಯಾಯಿತು.

ಇವೆಲ್ಲಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. 1934ರ ಏಪ್ರಿಲ್ 1ರಂದು ಟೆಕ್ಸಾಸಿನ ಗ್ರೇಪ್‌ವೈನ್ ಬಳಿ ರಸ್ತೆಯ ಕಾವಲಿನ ಇಬ್ಬರು ಪೊಲೀಸರು ತಂಡದ ಗುಂಡಿಗೆ ಬಲಿಯಾದರು. ಅವರಲ್ಲೊಬ್ಬನಾದ ಎಚ್. ಡಿ. ಮರ್ಫಿಯು ಹೊಸದಾಗಿ ಕೆಲಸಕ್ಕೆ ಸೇರಿದವನು. ಅವನ ವಿವಾಹವು ನಿಶ್ಚಯವಾಗಿದ್ದಿತು. ಜನರ ಮನಸ್ಸು ದಸ್ಯುಗಳಿಂದ ತಿರುಗಿದುದಕ್ಕೆ ಈ ಕೊಲೆಯು ಮುಖ್ಯ ಕಾರಣವಾಯಿತು. ಮೇ 23ರಂದು ಲೂಯಿಸಿಯಾನದ ಬಿಯನ್‌ವಿಲ್ ಪ್ರಾಂತದ ರಸ್ತೆಯೊಂದರಲ್ಲಿ ಹೊಂಚಿ ಕುಳಿತಿದ್ದ ಆರು ಮಂದಿ ಅಧಿಕಾರಿಗಳು ಇಬ್ಬರನ್ನೂ ಮೋಟಾರಿನಲ್ಲಿಯೇ ಕೊಂದರು. ಡಲ್ಲಾಸಿನಲ್ಲಿ ಅವರ ಸಮಾಧಿಗಳು ಬೇರೆ ಬೇರೆ ಸ್ಮಶಾನಗಳಲ್ಲಿವೆ.

ಕಡೆಯ ಈ ಗುಂಡಿನ ಮಳೆಯನ್ನು ಚಲಚ್ಚಿತ್ರವು ಮಂದಗತಿಯಲ್ಲಿ ತೋರಿಸಿ ಕರುಣವನ್ನು ಉದ್ದೀಪಿಸುತ್ತದೆ. ಅದು ಕಲೆಯ ಸಿದ್ಧಿಯೆಂಬುದು ನಿರ್ವಿವಾದ. ಆದರೆ ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಹೇಳಿದವನೂ ಅದೇ ಆನಂದವರ್ಧನನು. ಒಂದು ಜೋಡಿಯ ಪ್ರಣಯಕ್ಕೆ ಸಹೃದಯನ ಕಣ್ಣೀರು ಸಲ್ಲುವುದಾದರೆ, ಮದುವೆಯ ದಿನವನ್ನು ಕಾಣದೆ ಹೋದ ಇನ್ನೊಂದು ಜೋಡಿಗೂ ಅದು ಸಲ್ಲಬೇಕು. ತೆರೆಯಲ್ಲಿ ಅವರಿಗೆ ಸ್ಥಳ ದೊರೆಯಲಿಲ್ಲ, ಇತಿಹಾಸದಲ್ಲಾದರೂ ದೊರೆಯತಕ್ಕದ್ದು.